ರಷ್ಯನ್ ಕಾಂಪೌಂಡಿನ ಎರಡು ಸೆರೆಮನೆಗಳು

ಜೆರುಸಲೇಮಿಗೆ ಹೋದವರು ಏಸುವಿನ ಸಮಾಧಿಯ ಇಗರ್ಜಿ, ಯಹೂದಿಗಳ ಪಶ್ಚಿಮ ಗೋಡೆ, ದೂರದಿಂದಲೇ ಹೊಳೆಯುವ ಚಿನ್ನದ ಗುಮ್ಮಟ ಇಷ್ಟನ್ನು ನೋಡಿ, ಬೆತ್ಲೆಹೇಮಿನಲ್ಲಿ ಆಲಿವ್ ಮರದ ಒಂದು ಶಿಲುಬೆ ಕೊಂಡು ಊರಿಗೆ ಮರಳುತ್ತಾರೆ. 2019ರ ಮೇ ತಿಂಗಳಲ್ಲಿ ಮಂಗಳೂರಿನಿಂದ ಹೊರಟ ಯಾತ್ರಿಕರ ತಂಡವೊಂದಕ್ಕೆ ಅಂಟಿಕೊಂಡು ಹೋಗಿದ್ದ ನಾನೂ ಇವನ್ನೆಲ್ಲ ನೋಡಿದೆ. ಆದರೆ ಇವತ್ತಿಗೂ ನನ್ನ ಮನಸ್ಸಿನಿಂದ ಮರೆಯಾಗದಿರುವುದು ಯಾತ್ರೆಯ ಪಟ್ಟಿಯಲ್ಲಿ ಇಲ್ಲದ ಒಂದು ಜಾಗ. ಅದನ್ನು ತೋರಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ.

ನಮ್ಮ ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಹೆಣ್ಣುಮಕ್ಕಳು, ಗಂಡುಮಕ್ಕಳು ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುವ ಕೆಲಸದಲ್ಲಿದ್ದಾರೆ. ಇವಳೂ ಹಾಗೆಯೇ. ಹತ್ತನೆಯ ತರಗತಿಯಲ್ಲಿ ನನ್ನ ಹತ್ತಿರ ವಿಜ್ಞಾನ ಓದಿದವಳು. ಆಮೇಲೆ ಬಿ.ಎ.ಗೆ ಅಂಚೆ ತೆರಪಿನ ಶಿಕ್ಷಣದಲ್ಲಿ ಹೆಸರು ಕೊಟ್ಟು, ಎರಡನೆಯ ವರ್ಷದಲ್ಲಿ ಬಿಟ್ಟು, ಸಾಲ ಮಾಡಿ ಜೆರುಸಲೇಮಿಗೆ ಬಂದಿದ್ದಳು. ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತ, ಆ ಅಜ್ಜಿಯ ಬೈಗುಳದಿಂದಲೇ ಹೀಬ್ರೂ ಕಲಿತಿದ್ದಳು. ಅಂಗಡಿಯ ಫಲಕಗಳನ್ನು ಬಲದಿಂದ ಎಡಕ್ಕೆ ತಡವರಿಸುತ್ತ ಓದುವಷ್ಟಾಗಿತ್ತು. “ಸರ್, ನೀವು ಮಾಸ್ಟ್ರಲ್ವಾ, ನಿಮಗೆ ಒಂದು ಜೈಲು ತೋರಿಸ್ತೇನೆ” ಎಂದಳು. ಮಾಸ್ಟ್ರಿಗೂ ಜೈಲಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಶಾಲೆಯ ಮಕ್ಕಳ ಕಣ್ಣಿನಲ್ಲಿ ಆ ಸಂಬಂಧ ಇದ್ದೇ ಇದೆಯಲ್ಲ!

ಹಳೆಯ ನಗರದ ಕೋಟೆಯ ಹೊರಗೆ, ಜಾಫಾ ರಸ್ತೆಗೆ ಹತ್ತಿರ, ರಷ್ಯನ್ ಕಾಂಪೌಂಡ್ ಎಂಬ ಆವರಣವಿದೆ. 1860ರ ದಶಕದಲ್ಲಿ ರಷ್ಯಾದಿಂದ ಬರುವ ಯಾತ್ರಿಕರಿಗಾಗಿ ಕಟ್ಟಿದ್ದು. ನಡುವೆ ಹಸಿರು ಗುಮ್ಮಟಗಳ ಬಿಳಿಯ ಇಗರ್ಜಿ. ಅದರ ಮುಂದೆ ಕಬ್ಬಿಣದ ಬೇಲಿಯೊಳಗೆ, ನೆಲಕ್ಕೇ ಅಂಟಿಕೊಂಡಂತೆ ಬಿದ್ದಿರುವ ಒಂದು ಕಲ್ಲುಕಂಬ, ಸುಮಾರು 12 ಮೀಟರ್ ಉದ್ದ. ಪ್ರಾಚೀನ ಕಾಲದಲ್ಲಿ ಬಂಡೆಯಿಂದ ಕಡಿಯುತ್ತಿರುವಾಗಲೇ ಬಿರುಕು ಬಿಟ್ಟಿದ್ದರಿಂದ ಅಲ್ಲಿಯೇ ಬಿಟ್ಟುಹೋದರಂತೆ. ಸುಣ್ಣಕಲ್ಲಿನ ಪದರಗಳ ಬಗ್ಗೆ ನಾನು ಪಾಠ ಶುರುಮಾಡುವಷ್ಟರಲ್ಲಿ ಅವಳು ಮುಂದೆ ನಡೆದಾಗಿತ್ತು.

ಆವರಣದಲ್ಲಿ ಯಾತ್ರಿಕ ಹೆಂಗಸರಿಗೆಂದು ಕಟ್ಟಿದ್ದ ಒಂದು ಛತ್ರ ಬ್ರಿಟಿಷರ ಆಳ್ವಿಕೆಯಲ್ಲಿ ಜೆರುಸಲೇಮಿನ ಕೇಂದ್ರ ಸೆರೆಮನೆಯಾಯಿತು. ಅರಬರು, ಯಹೂದಿಗಳು ಇಬ್ಬರನ್ನೂ ಇಲ್ಲಿ ಕೂಡಿಹಾಕುತ್ತಿದ್ದರು. ಇಂದು ಅದು ವಸ್ತುಸಂಗ್ರಹಾಲಯ; ಬ್ರಿಟಿಷರ ವಿರುದ್ಧ ಗುಪ್ತವಾಗಿ ಹೋರಾಡಿದ ಯಹೂದಿ ಕೈದಿಗಳ ನೆನಪಿಗೆ ಮೀಸಲು. ದಪ್ಪ ಗೋಡೆ, ತಗ್ಗಾದ ಕಮಾನು, ನೆಲದ ಮೇಲೆ ಸಾಲಾಗಿ ಹಾಸಿದ ಚಾಪೆ, ಕೊನೆಯಲ್ಲಿ ನೇಣಿನ ಕೋಣೆ. ಅಂಡಮಾನಿನ ಸೆರೆಮನೆಯನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಶಾಲಾ ಮಕ್ಕಳ ಒಂದು ತಂಡ ಟಿಪ್ಪಣಿ ಪುಸ್ತಕ ಹಿಡಿದು ಬಂದಿತ್ತು. ಅವರ ಅಧ್ಯಾಪಕಿ ಧ್ವನಿ ಏರಿಸಿ ವಿವರಿಸುತ್ತಿದ್ದರು.

ಈ ಹೋರಾಟಗಾರರ ಕಥೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬರದು. 1944ರ ಅಕ್ಟೋಬರ್‌ನಲ್ಲಿ ಬ್ರಿಟಿಷರು ಇಂಥ 251 ಮಂದಿಯನ್ನು ಒಂದೇ ಸಲ ವಿಮಾನಕ್ಕೆ ಹತ್ತಿಸಿ ಆಫ್ರಿಕಾದ ಎರಿಟ್ರಿಯಕ್ಕೆ ಗಡೀಪಾರು ಮಾಡಿದರು. ಆ ವರ್ಷ ಸೆರೆ ಸಿಕ್ಕು ಹಾಗೆ ಆಫ್ರಿಕಾ ಕಂಡವರಲ್ಲಿ ಮೇಯರ್ ಶಮ್ಗರ್ ಎಂಬ ಹತ್ತೊಂಬತ್ತರ ಹುಡುಗನೂ ಒಬ್ಬ. ಮುಳ್ಳುತಂತಿಯ ಶಿಬಿರದಲ್ಲಿ ಕುಳಿತು ಆತ ಲಂಡನ್ ವಿಶ್ವವಿದ್ಯಾಲಯದ ಕಾನೂನು ಪಾಠಗಳನ್ನು ಅಂಚೆಯ ಮೂಲಕ ಓದಿದ. ತನ್ನನ್ನು ಕೂಡಿಹಾಕಿದವರ ರಾಜಧಾನಿಯಿಂದ, ಅವರದೇ ಭಾಷೆಯಲ್ಲಿ, ಅವರದೇ ಕಾನೂನು! 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಹಿಂದಿರುಗಿ ವಕೀಲನಾದ. ಸೈನ್ಯದ ಮುಖ್ಯ ಕಾನೂನು ಅಧಿಕಾರಿಯಾದ. 1967ರ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆಯನ್ನೂ ಗಾಜಾವನ್ನೂ ಹಿಡಿದಾಗ ಅಲ್ಲಿ ಸೈನಿಕ ಆಡಳಿತ, ಸೈನಿಕ ನ್ಯಾಯಾಲಯಗಳು ಯಾವ ಕಾನೂನಿನಡಿ ನಡೆಯಬೇಕೆಂದು ಮೊದಲೇ ಸಿದ್ಧಮಾಡಿಟ್ಟವರು ಇವರೇ. 1983ರಿಂದ 1995ರವರೆಗೆ ಸುಪ್ರೀಂ ಕೋರ್ಟಿನ ಅಧ್ಯಕ್ಷರು. ಆ ಸುಪ್ರೀಂ ಕೋರ್ಟು 1992ರವರೆಗೂ ಇದ್ದದ್ದು ಎಲ್ಲಿ ಎಂದುಕೊಂಡಿರಿ? ಇದೇ ರಷ್ಯನ್ ಕಾಂಪೌಂಡಿನಲ್ಲಿ. ನಾನು ಹೋದಾಗ ಶಮ್ಗರ್ ಬದುಕಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹೊರಗೆ ಬಂದಾಗ ಬಿಸಿಲು ಏರಿತ್ತು. ಅವಳು ಅದೇ ಆವರಣದ ಇನ್ನೊಂದು ಕಟ್ಟಡದತ್ತ ಗಲ್ಲ ಎತ್ತಿ ತೋರಿಸಿದಳು. ಕೈ ತೋರಿಸಬಾರದೆಂದು ಅವಳ ಎಚ್ಚರಿಕೆ. ಅದು ಪೊಲೀಸ್ ಠಾಣೆ, ಜೊತೆಗೆ ಬಂಧನದ ಕೋಣೆಗಳು. ಪ್ಯಾಲೆಸ್ಟೀನಿಯರು ಅದನ್ನು ‘ಮಸ್ಕೋಬಿಯ’ ಎನ್ನುತ್ತಾರೆ. ಮಾಸ್ಕೋದವರದ್ದು ಎಂದು ಅರ್ಥ. ಹಿಡಿದು ತಂದವರ ವಿಚಾರಣೆ ನಡೆಯುವುದು ಅಲ್ಲಿ. ಬಾಗಿಲ ಬಳಿ ತಲೆವಸ್ತ್ರ ತೊಟ್ಟ ನಡುವಯಸ್ಸಿನ ಹೆಂಗಸೊಬ್ಬರು ಪ್ಲಾಸ್ಟಿಕ್ ಚೀಲವೊಂದನ್ನು ಕಾಲಬಳಿ ಇಟ್ಟುಕೊಂಡು ಕೂತಿದ್ದರು. ಚೀಲದೊಳಗೆ ಬಟ್ಟೆ ಇದ್ದಂತಿತ್ತು. ವಸ್ತುಸಂಗ್ರಹಾಲಯವಾದ ಸೆರೆಮನೆಗೂ ಸೆರೆಮನೆಯಾಗಿಯೇ ಇರುವ ಸೆರೆಮನೆಗೂ ನಡುವೆ ನಡಿಗೆಗೆ ಕೆಲವೇ ನಿಮಿಷ. “ಇಲ್ಲಿಯವರೂ ಓದ್ತಾರಾ?” ಎಂದು ಕೇಳಿದೆ. “ಅದನ್ನು ನೋಡ್ಬೇಕಾದ್ರೆ ಗೋಡೆಯ ಆಚೆ ಹೋಗ್ಬೇಕು ಸರ್. ನನಗೆ ರಜೆ ಇಲ್ಲ, ಬಸ್ಸು ಹತ್ತಿಸ್ತೇನೆ.”

ಮರುದಿನ ಡಮಾಸ್ಕಸ್ ಬಾಗಿಲ ಹತ್ತಿರದ ಅರಬ್ ಬಸ್ ನಿಲ್ದಾಣದಿಂದ ಹೊರಟೆ. ಅಬು ದಿಸ್ ಊರು ಹಳೆಯ ನಗರಕ್ಕೆ ಕೂಗಳತೆಯಲ್ಲಿದ್ದರೂ ನಡುವೆ ಎತ್ತರದ ಕಾಂಕ್ರೀಟ್ ಗೋಡೆ ಎದ್ದಿರುವುದರಿಂದ ಬಸ್ಸು ಬಹಳ ಸುತ್ತಿ ಹೋಗುತ್ತದೆ. ಅಲ್ಲಿ ಅಲ್ ಕುದ್ಸ್ ವಿಶ್ವವಿದ್ಯಾಲಯ. ಅದರ ಆವರಣದಲ್ಲಿ 2007ರಲ್ಲಿ ತೆರೆದ ಅಬು ಜಿಹಾದ್ ವಸ್ತುಸಂಗ್ರಹಾಲಯ. ಹೆಸರು 1988ರಲ್ಲಿ ಟ್ಯೂನಿಸ್‌ನಲ್ಲಿ ಇಸ್ರೇಲಿನವರು ಕೊಂದ ಪಿ.ಎಲ್.ಓ. ನಾಯಕನದು. ಒಬ್ಬರಿಗೆ ಹುತಾತ್ಮ, ಇನ್ನೊಬ್ಬರಿಗೆ ನಾಗರಿಕರ ಹತ್ಯೆಯ ಸಂಚುಗಾರ. ನಿನ್ನೆಯ ಗ್ಯಾಲರಿಯಲ್ಲಿದ್ದ ಹೆಸರುಗಳೂ ಬ್ರಿಟಿಷರ ಕಡತಗಳಲ್ಲಿ ಹೀಗೆಯೇ ಇದ್ದವು.

ಈ ಸಂಗ್ರಹಾಲಯ ಇಸ್ರೇಲಿನ ಸೆರೆಮನೆಗಳಲ್ಲಿದ್ದ ಪ್ಯಾಲೆಸ್ಟೀನಿಯರ ಕುರಿತದ್ದು. 1967ರಿಂದ ಈಚೆಗೆ ಸುಮಾರು ಎಂಟು ಲಕ್ಷ ಮಂದಿ ಒಂದಲ್ಲ ಒಂದು ಸಲ ಬಂಧನ ಕಂಡಿದ್ದಾರೆಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರರು 2023ರಲ್ಲಿ ಬರೆದಿದ್ದಾರೆ. ಕೊಲೆ ಮಾಡಿದವರೂ ಇದ್ದಾರೆ, ಕಲ್ಲೆಸೆದ ಹುಡುಗರೂ ಇದ್ದಾರೆ, ಯಾವ ಆರೋಪಪಟ್ಟಿಯೂ ಇಲ್ಲದೆ ಆರಾರು ತಿಂಗಳಿಗೆ ಬಂಧನ ಮುಂದುವರಿದವರೂ ಇದ್ದಾರೆ.

ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಜ್ವರದ ಗುಳಿಗೆಯಷ್ಟು ಗಾತ್ರದ ಪ್ಲಾಸ್ಟಿಕ್ ಸುರುಳಿಗಳಿದ್ದವು. ಇದಕ್ಕೆ ಅರಬ್ಬಿಯಲ್ಲಿ ‘ಕಬ್ಸೂಲೆ’ ಎನ್ನುತ್ತಾರೆ, ನಮ್ಮ ಕ್ಯಾಪ್ಸೂಲೇ. ತೆಳು ಕಾಗದದ ಎರಡೂ ಬದಿ ಸಾಸಿವೆಯಂಥ ಅಕ್ಷರಗಳಲ್ಲಿ ಬರೆದು, ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಬಿಡುಗಡೆಯಾಗುವ ಅಥವಾ ಬೇರೆ ಸೆರೆಮನೆಗೆ ವರ್ಗವಾಗುವ ಕೈದಿಯೊಬ್ಬ ನುಂಗುತ್ತಿದ್ದ. ಹೊಟ್ಟೆಯ ಹೈಡ್ರೋಕ್ಲೋರಿಕ್ ಆಮ್ಲ ಪ್ಲಾಸ್ಟಿಕ್ಕನ್ನು ಏನೂ ಮಾಡಲಾರದು ಎಂಬುದನ್ನು ನಾನು ವರ್ಷ ವರ್ಷವೂ ಪಾಠ ಮಾಡುತ್ತೇನೆ. ಅದರ ಇಂಥ ಪ್ರಯೋಗವನ್ನು ಮಾತ್ರ ನೋಡಿರಲಿಲ್ಲ. ಕಾಗದವನ್ನು ಬಿಡಿಸಿಟ್ಟದ್ದೂ ಇತ್ತು. ಇಪ್ಪತ್ತೇಳು ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗಳಲ್ಲಿ ಕೊಠಡಿ ಕಾದು, ಎಷ್ಟೋ ಅಂಗಿಯ ತೋಳುಗಳಿಂದ ನಕಲು ಚೀಟಿ ಹೊರತೆಗೆದ ನನಗೆ ಸಣ್ಣ ಅಕ್ಷರದ ವಿಷಯದಲ್ಲಿ ಅಷ್ಟಿಷ್ಟು ಪರಿಣತಿ ಇದೆ ಎಂದುಕೊಂಡಿದ್ದೆ. ನಮ್ಮ ಹುಡುಗರು ಈ ಕಲೆಯಲ್ಲಿ ಇನ್ನೂ ಬಾಲಪಾಠದಲ್ಲಿದ್ದಾರೆ. ಚೀಟಿ ನುಂಗುವುದನ್ನು ಮಾತ್ರ ಅವರೂ ಬಲ್ಲರು.

ಪಕ್ಕದಲ್ಲಿ ಕೈಬರಹದ ನೋಟ್‌ಬುಕ್ಕುಗಳು. ಅರಬ್ಬಿ ಬಾರದ ನಾನು ಹಾಳೆಯ ಅಂಚನ್ನಷ್ಟೇ ನೋಡಿದೆ. ಅಂಚೇ ಇರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ, ಗೆರೆಗೆ ಎರಡು ಸಾಲಿನಂತೆ ಬರಹ. ಕಾಗದದ ಬೆಲೆ ಅಷ್ಟಿತ್ತು. ಆರಂಭದ ವರ್ಷಗಳಲ್ಲಿ ಕಾಗದ, ಪೆನ್ನು ಎರಡೂ ನಿಷಿದ್ಧ. ಸಿಗರೇಟು ಪೆಟ್ಟಿಗೆಯೊಳಗಿನ ಕಾಗದವನ್ನು ಬಿಡಿಸಿ ಬರೆಯುತ್ತಿದ್ದರು. 1970ರಲ್ಲಿ ಅಷ್ಕೆಲಾನ್ ಸೆರೆಮನೆಯಲ್ಲಿ ಉಪವಾಸ ಕೂತವರ ಬೇಡಿಕೆಗಳಲ್ಲಿ ನೋಟ್‌ಬುಕ್ಕು, ಪೆನ್ನು ಸೇರಿದ್ದವು. ಆ ಬೇಡಿಕೆಯ ಪಟ್ಟಿಯನ್ನೂ ಸಿಗರೇಟು ಪೆಟ್ಟಿಗೆಯ ಮೇಲೆಯೇ ಬರೆದರೆಂದು ಹೇಳುತ್ತಾರೆ. ಆ ಉಪವಾಸಕ್ಕೆ ಸಂಬಂಧಿಸಿ ಒಬ್ಬ ಕೈದಿ ಸತ್ತ. 1980ರಲ್ಲಿ ನಫ್ಹ ಸೆರೆಮನೆಯ ಉಪವಾಸದಲ್ಲಿ ಬಲವಂತದ ಆಹಾರ ತುಂಬುವಾಗ ಇನ್ನಿಬ್ಬರು.

ನಮ್ಮ ವಿದ್ಯಾರ್ಥಿಗಳು ಉಪವಾಸವೆಂದರೆ ಏಕಾದಶಿ ಎಂದುಕೊಂಡಾರು. ಅನ್ನ ನಿಂತ ಒಂದು ದಿನದೊಳಗೆ ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಬಹುಪಾಲು ಮುಗಿಯುತ್ತದೆ. ಆಮೇಲೆ ದೇಹ ಕೊಬ್ಬನ್ನು ಕರಗಿಸುತ್ತದೆ, ಜೊತೆಗೆ ಸ್ನಾಯುಗಳ ಪ್ರೋಟೀನನ್ನೂ. ಹೃದಯವೂ ಸ್ನಾಯುವೇ ಎಂಬುದನ್ನು ಮರೆಯಬಾರದು. ಕೈದಿಗಳು ನೀರು ಮತ್ತು ಚಿಟಿಕೆ ಉಪ್ಪಿನ ಮೇಲೆ ವಾರಗಟ್ಟಲೆ ದಿನ ನೂಕುತ್ತಿದ್ದರು. ನಮ್ಮ ಶಾಲೆಯ ಮೈದಾನದಲ್ಲಿ ಸಂಜೆ ಗುಡಿಸಿದರೆ ದಿನಕ್ಕೆ ನಾಲ್ಕು ಪೆನ್ನು ಸಿಗುತ್ತವೆ. ಯಾರೂ ಕೇಳಿಕೊಂಡು ಬರುವುದಿಲ್ಲ.

ಪೆನ್ನು ಬಂದ ಮೇಲೆ ತರಗತಿಗಳು ಬಂದವು. ಒಂದೊಂದು ಕೋಣೆಯೂ ಒಂದೊಂದು ಶಾಲೆ. ಅಕ್ಷರ ಬಾರದವನಿಗೆ ಅಕ್ಷರ, ಬಂದವನಿಗೆ ಇತಿಹಾಸ, ಎಲ್ಲರಿಗೂ ಹೀಬ್ರೂ. ಕಾವಲುಗಾರನ ಮಾತು ಮತ್ತು ಹೀಬ್ರೂ ಪತ್ರಿಕೆ ಇವೇ ಪಠ್ಯಪುಸ್ತಕ. ಇದನ್ನು ಓದಿದಾಗ ಬೈಗುಳದಿಂದ ಭಾಷೆ ಕಲಿತ ನನ್ನ ವಿದ್ಯಾರ್ಥಿನಿ ನೆನಪಾದಳು. ಪ್ಯಾಲೆಸ್ಟೀನಿಯರ ಪ್ರೌಢಶಾಲಾ ಅಂತಿಮ ಪರೀಕ್ಷೆಯಾದ ‘ತವ್ಜಿಹಿ’ಯನ್ನೂ ಒಳಗಿದ್ದೇ ಬರೆಯುತ್ತಿದ್ದರು. ಆಗಾಗ ಅದಕ್ಕೂ ತಡೆ ಬೀಳುತ್ತಿತ್ತು. ನಾಬ್ಲುಸ್ ಪಟ್ಟಣದ ನಗರಸಭಾ ಗ್ರಂಥಾಲಯದಲ್ಲಿ ಕೈದಿಗಳದೇ ಒಂದು ವಿಭಾಗವಿದೆ. 1990ರ ದಶಕದಲ್ಲಿ ಅಲ್ಲಿಯ ಸೆರೆಮನೆ ಇಸ್ರೇಲಿನವರಿಂದ ಕೈಬದಲಾದಾಗ ಉಳಿದ ಸುಮಾರು 8,000 ಪುಸ್ತಕಗಳು ಅಲ್ಲಿಗೆ ಸೇರಿದವು. ಕಾವಲುಗಾರರ ಕಣ್ಣು ತಪ್ಪಿಸಲು ರಟ್ಟು ಬದಲಿಸಿ, ಮೇಲೊಂದು ಹೆಸರು ಒಳಗೊಂದು ಪುಸ್ತಕ ಮಾಡಿದ ಪ್ರತಿಗಳೂ ಅದರಲ್ಲಿವೆಯಂತೆ. ನೋಡಲು ನನಗೆ ಸಮಯ ಸಾಲಲಿಲ್ಲ. ಸಂಜೆ ತಂಡದವರು ಗಲಿಲಿಗೆ ಹೊರಡುವವರಿದ್ದರು.

1992ರ ದೊಡ್ಡ ಉಪವಾಸದ ನಂತರ ಸಿಕ್ಕಿದ್ದು ವಿಶ್ವವಿದ್ಯಾಲಯ, ಅದೂ ಇಸ್ರೇಲಿನದ್ದೇ. ಅಲ್ಲಿಯ ಮುಕ್ತ ವಿಶ್ವವಿದ್ಯಾಲಯ 1976ರಲ್ಲಿ ಪಾಠ ಆರಂಭಿಸಿದ್ದು, ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ಮಾದರಿ. ಹಿಂದಿನ ಅಂಕಪಟ್ಟಿ ಕೇಳದೆ ಸೇರಿಸಿಕೊಳ್ಳುವುದು ಅದರ ನಿಯಮ. ಪಾಠ ಹೀಬ್ರೂವಿನಲ್ಲಿ. ಪುಸ್ತಕ ಅಂಚೆಯಲ್ಲಿ ಒಳಬರುವುದು, ಅಭ್ಯಾಸ ಪತ್ರಿಕೆ ಅಂಚೆಯಲ್ಲಿ ಹೊರಹೋಗುವುದು, ಪರೀಕ್ಷೆ ಸೆರೆಮನೆಯೊಳಗೆ. ಓದಿದ ವಿಷಯಗಳೆಂದರೆ ಹೆಚ್ಚಾಗಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ. ವಿಜ್ಞಾನದ ಮಾಸ್ತರನಾದ ನನಗೆ ತುಸು ಬೇಸರವಾಯಿತು. ಆದರೆ ಬ್ಯುರೆಟ್, ಪಿಪೆಟ್, ಆಮ್ಲದ ಸೀಸೆಗಳನ್ನು ಸೆರೆಮನೆಯೊಳಗೆ ಯಾರು ಬಿಟ್ಟಾರು?

ಹೀಗೆ ಓದಿದವರಲ್ಲಿ ವಲೀದ್ ದಖ್ಖ ಒಬ್ಬ. ಇಸ್ರೇಲಿ ಸೈನಿಕನೊಬ್ಬನ ಅಪಹರಣ ಮತ್ತು ಕೊಲೆಯ ಪ್ರಕರಣದಲ್ಲಿ 1986ರಲ್ಲಿ ಸೆರೆಯಾದವನು. ಒಳಗಿದ್ದೇ ಸ್ನಾತಕೋತ್ತರ ಪದವಿ ಪಡೆದ, ಮಕ್ಕಳ ಕಾದಂಬರಿಯನ್ನೂ ಬರೆದ. ಮೂವತ್ತೆಂಟು ವರ್ಷ ಸೆರೆಯಲ್ಲಿದ್ದು 2024ರ ಏಪ್ರಿಲ್‌ನಲ್ಲಿ ಕ್ಯಾನ್ಸರಿನಿಂದ ಸತ್ತ.

2011ರಲ್ಲಿ ಈ ಬಾಗಿಲು ಮುಚ್ಚಿತು. 2006ರಿಂದ ಗಾಜಾದಲ್ಲಿ ಹಮಾಸ್‌ನ ಸೆರೆಯಲ್ಲಿದ್ದ ಗಿಲಾದ್ ಶಾಲಿತ್ ಎಂಬ ಇಸ್ರೇಲಿ ಸೈನಿಕನಿಗೆ ಹೊರಗಿನ ಗಾಳಿಯೂ ಇಲ್ಲ, ರೆಡ್‌ಕ್ರಾಸ್ ಭೇಟಿಯೂ ಇಲ್ಲ, ನಾವೇಕೆ ಇವರಿಗೆ ಡಾಕ್ಟರೇಟ್ ಕೊಡಿಸಬೇಕು ಎಂಬ ವಾದವೆದ್ದಿತು. ಆ ವರ್ಷದ ಜೂನ್‌ನಲ್ಲಿ ಪ್ರಧಾನಿ ನೆತನ್ಯಾಹು ಭದ್ರತಾ ಕೈದಿಗಳ ಪದವಿ ವ್ಯಾಸಂಗವನ್ನು ನಿಲ್ಲಿಸುವುದಾಗಿ ಸಾರಿದರು. ಅಕ್ಟೋಬರ್‌ನಲ್ಲಿ 1,027 ಕೈದಿಗಳ ಬದಲಿಗೆ ಶಾಲಿತ್ ಮನೆಗೆ ಬಂದ. ನಿಷೇಧ ಮಾತ್ರ ಉಳಿಯಿತು. ಕೈದಿಗಳು ಸುಪ್ರೀಂ ಕೋರ್ಟಿಗೆ ಹೋದರು. ಕೈದಿಗೆ ಉನ್ನತ ಶಿಕ್ಷಣ ಕೊಡಲೇಬೇಕೆಂಬ ಹೊಣೆ ಸೆರೆಮನೆ ಇಲಾಖೆಗಿಲ್ಲ, ಭದ್ರತಾ ಕೈದಿಗಳನ್ನು ಇತರ ಕೈದಿಗಳಿಂದ ಬೇರೆಯಾಗಿ ನೋಡಬಹುದು ಎಂದು 2012ರ ಡಿಸೆಂಬರ್‌ನಲ್ಲಿಯೂ, ವಿಸ್ತೃತ ಪೀಠದ ಮುಂದೆ ಮತ್ತೆ ಬಂದಾಗ 2015ರ ಏಪ್ರಿಲ್‌ನಲ್ಲಿಯೂ ತೀರ್ಪಾಯಿತು. ಎರಿಟ್ರಿಯದ ಮುಳ್ಳುತಂತಿಯೊಳಗೆ ಅಂಚೆಯ ಮೂಲಕ ಕಾನೂನು ಓದಿದ ಶಮ್ಗರ್ ಅಧ್ಯಕ್ಷರಾಗಿದ್ದ ನ್ಯಾಯಾಲಯವೇ ಇದು. ತೀರ್ಪಿನ ಹೊತ್ತಿಗೆ ಅವರು ನಿವೃತ್ತರು.

ಊರಿಗೆ ಬಂದು ಇದನ್ನೆಲ್ಲ ಹತ್ತನೆಯ ತರಗತಿಯಲ್ಲಿ ಹೇಳಿದೆ. ಮೊದಲು ಎದ್ದ ಹುಡುಗನ ಪ್ರಶ್ನೆ: “ಸರ್, ಅವರಿಗೆ ಹಾಲ್ ಟಿಕೆಟ್ ಯಾರು ಕೊಡುವುದು?” ಎಲ್ಲರೂ ನಕ್ಕರು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ, “ಕೊಲೆ ಮಾಡಿದವನಿಗೂ ನೀವು ಪಾಠ ಮಾಡ್ತೀರಾ ಸರ್?” ಎಂದಳು. ಯಾರೂ ನಗಲಿಲ್ಲ.

ಆ ಹುಡುಗಿಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 1979ರಲ್ಲಿ ನಹಾರಿಯ ಪಟ್ಟಣದಲ್ಲಿ ತಂದೆಯೊಬ್ಬನನ್ನೂ ಅವನ ನಾಲ್ಕು ವರ್ಷದ ಮಗಳನ್ನೂ ಕೊಂದ ಅಪರಾಧಕ್ಕೆ ಶಿಕ್ಷೆಯಾದ ಸಮೀರ್ ಕುಂತಾರ್ ಇದೇ ಮುಕ್ತ ವಿಶ್ವವಿದ್ಯಾಲಯದ ಪದವೀಧರ. ಆ ಮಗುವಿನ ತಾಯಿಗೆ ಆ ಪದವಿಪತ್ರ ಹೇಗೆ ಕಂಡೀತು? ಯಹ್ಯಾ ಸಿನ್ವಾರ್ ಎಂಬವನು ಇಪ್ಪತ್ತೆರಡು ವರ್ಷ ಸೆರೆಯಲ್ಲಿದ್ದು, ಹೀಬ್ರೂ ಕಲಿತು, ಇಸ್ರೇಲಿನ ಗುಪ್ತಚರ ಮುಖ್ಯಸ್ಥರ ಪುಸ್ತಕಗಳನ್ನು ಅರಬ್ಬಿಗೆ ತಿರುಗಿಸಿ, ಶಾಲಿತ್ ವಿನಿಮಯದಲ್ಲಿ ಹೊರಬಂದ. 2023ರ ಅಕ್ಟೋಬರ್ 7ರಂದು ಸುಮಾರು 1,200 ಜನರನ್ನು ಕೊಂದು 251 ಮಂದಿಯನ್ನು ಒಯ್ದ ದಾಳಿಯ ಹಿಂದೆ ಇದ್ದವನು ಅವನೇ. ಅದರ ನಂತರ ಗಾಜಾದಲ್ಲಿ ಸತ್ತ ಹತ್ತಾರು ಸಾವಿರ ಜನರ ಲೆಕ್ಕ ಇನ್ನೊಂದು. ಅದೇ ಸೆರೆಯಲ್ಲಿ ಅದೇ ಹೀಬ್ರೂ ಕಲಿತ ಖದ್ದೂರ ಫಾರಿಸ್ ಎಂಬವರು ಹದಿನಾಲ್ಕು ವರ್ಷ ಸೆರೆಯಲ್ಲಿದ್ದು ಹೊರಬಂದು, 2003ರಲ್ಲಿ ಇಸ್ರೇಲಿಗಳ ಜೊತೆ ಕುಳಿತು ಎರಡು ದೇಶಗಳು ಪಕ್ಕಪಕ್ಕದಲ್ಲಿ ಬಾಳುವ ಜಿನೀವಾ ಒಪ್ಪಂದದ ಕರಡಿಗೆ ಸಹಿ ಹಾಕಿದರು. ಒಂದೇ ಪಾಠ, ಇಬ್ಬರು ವಿದ್ಯಾರ್ಥಿಗಳು. ಓದಿದರೆ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದು ವಾರ್ಷಿಕೋತ್ಸವದ ಭಾಷಣಗಳಲ್ಲಿ ನಾನೂ ಎಷ್ಟೋ ಸಲ ಹೇಳಿದ್ದೇನೆ. ಈಗ ಹೇಳುವಾಗ ನಾಲಿಗೆ ಸ್ವಲ್ಪ ತಡೆಯುತ್ತದೆ.

ಆದರೂ ಹುಡುಗಿಗೆ ನಾನು “ಹೌದು, ಮಾಡುತ್ತೇನೆ” ಎಂದೇ ಹೇಳಿದೆ. ಸಲ್ಫ್ಯೂರಿಕ್ ಆಮ್ಲದ ಪಾಠ ಮಾಡುವಾಗ ನಾನು ಯಾರ ನಡತೆಯ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಶಿಕ್ಷೆ ಕೊಡುವುದು ನ್ಯಾಯಾಧೀಶರ ಕೆಲಸ. ನಲವತ್ತು ವರ್ಷದ ಶಿಕ್ಷೆಯೇ ಇರಲಿ, ಆ ನಲವತ್ತು ವರ್ಷ ಕತ್ತಲೆಯಲ್ಲೇ ಕೂರು ಎಂಬುದು ಅದರಲ್ಲಿ ಸೇರಿಲ್ಲ. ಶಿಕ್ಷೆಯನ್ನೇ ಕಾಣದ, ವಿಚಾರಣೆಯೇ ಆಗದ ಹದಿನೇಳರ ಹುಡುಗನ ವಿಷಯದಲ್ಲಂತೂ ಮಾತೇ ಬೇಡ. ಅವಳು ಒಪ್ಪಿದಳೆಂದು ನನಗೆ ತೋರಲಿಲ್ಲ. “ಆ ಮಗುವಿನ ಅಮ್ಮನನ್ನೂ ಕೇಳಬೇಕಿತ್ತು ಸರ್” ಎಂದು ಕೂತಳು.

2011ರ ನಂತರವೂ ಓದು ನಿಲ್ಲಲಿಲ್ಲ, ಮತ್ತೆ ಒಳದಾರಿ ಹಿಡಿಯಿತು. ಹದಾರಿಮ್ ಸೆರೆಮನೆಯಲ್ಲಿ ಐದು ಜೀವಾವಧಿ ಶಿಕ್ಷೆಯ ಮರ್ವಾನ್ ಬರ್ಗೂತಿ ತಾನೇ ಅಧ್ಯಾಪಕನಾಗಿ, ಅಬು ದಿಸ್‌ನ ಅಲ್ ಕುದ್ಸ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪಾಠಗಳನ್ನು ಸಹಕೈದಿಗಳಿಗೆ ನಡೆಸಿದರು. ವಿಷಯ ಇಸ್ರೇಲಿನ ಅಧ್ಯಯನ. ಟೆಲ್ ಅವೀವ್‌ನ ಮಾರುಕಟ್ಟೆಯಲ್ಲಿ 2004ರಲ್ಲಿ ಮೂವರು ಸತ್ತ ಬಾಂಬು ಸ್ಫೋಟಕ್ಕೆ ಸಂಬಂಧಿಸಿ, ಕಾಲೇಜು ಓದುತ್ತಿದ್ದಾಗಲೇ ಸೆರೆಯಾದ ಬಾಸಿಂ ಖಂದಖ್ಜಿ ಒಳಗಿದ್ದೇ ಅಲ್ ಕುದ್ಸ್‌ನ ಪದವಿ ಮುಗಿಸಿ ಕಾದಂಬರಿಕಾರನಾದ. 2024ರ ಏಪ್ರಿಲ್‌ನಲ್ಲಿ ಅರಬ್ಬಿ ಕಾದಂಬರಿಯ ಅಂತರರಾಷ್ಟ್ರೀಯ ಪ್ರಶಸ್ತಿ ಅವನಿಗೆ ಬಂದಾಗ ವೇದಿಕೆಗೆ ಅವನ ಪ್ರಕಾಶಕರು ಹೋದರು. 2025ರ ಅಕ್ಟೋಬರ್‌ನ ಕದನವಿರಾಮದ ವಿನಿಮಯದಲ್ಲಿ ಬಿಡುಗಡೆಯಾಗಿ ಈಜಿಪ್ಟಿಗೆ ಗಡೀಪಾರಾದ.

2023ರ ಅಕ್ಟೋಬರ್‌ನ ನಂತರ ಕೋಣೆಗಳಿಂದ ಪುಸ್ತಕ, ಪೆನ್ನು, ಕಾಗದ, ರೇಡಿಯೋ ಎಲ್ಲವನ್ನೂ ತೆಗೆದುಕೊಂಡು ಹೋದರೆಂದು ಹೊರಬಂದವರು ಹೇಳಿದ್ದಾರೆ. ಕುಟುಂಬದ ಭೇಟಿ ನಿಂತಿತು, ರೆಡ್‌ಕ್ರಾಸ್ ಭೇಟಿಯೂ ನಿಂತಿತು. ಕೈದಿಗಳಿಗೆ ಸಾಕಷ್ಟು ಆಹಾರವನ್ನೂ ಸರ್ಕಾರ ಕೊಡುತ್ತಿಲ್ಲವೆಂದು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಪೆನ್ನಿಗಾಗಿ ಅನ್ನ ಬಿಟ್ಟಿದ್ದವರಿಗೆ ಈಗ ಎರಡೂ ಇಲ್ಲ.

ನನ್ನ ವಿದ್ಯಾರ್ಥಿನಿ ಇನ್ನೂ ಜೆರುಸಲೇಮಿನಲ್ಲೇ ಇದ್ದಾಳೆ. ಹಳೆಯ ಅಜ್ಜಿ ತೀರಿಕೊಂಡು, ಈಗ ಬೇರೊಬ್ಬ ಅಜ್ಜನ ಮನೆ. ಸೈರನ್ ಕೂಗಿದಾಗ ಅಜ್ಜನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಆಶ್ರಯದ ಕೋಣೆಗೆ ಓಡಬೇಕು, ಅಲ್ಲಿ ಕೂತಾಗ ಓದಲು ಏನೂ ಇರುವುದಿಲ್ಲ ಎಂದು ಮೊನ್ನೆ ಫೋನು ಮಾಡಿದ್ದಳು. “ಸರ್, ನನ್ನ ಬಿ.ಎ. ಅರ್ಧ ಬಿಟ್ಟದ್ದು ಈಗ ಮುಂದುವರಿಸಲಿಕ್ಕೆ ಆಗ್ತದಾ?” ವಿಚಾರಿಸಿದೆ. ಹಳೆಯ ನೋಂದಣಿ ನಡೆಯುವುದಿಲ್ಲವಂತೆ, ಹೊಸದಾಗಿ ಸೇರಬೇಕು. ಪುಸ್ತಕ ಕಳಿಸಬಹುದು, ಪರೀಕ್ಷೆಗೆ ಮಾತ್ರ ಊರಿಗೇ ಬರಬೇಕು. ಅವಳಿಗೆ ರಜೆ ಸಿಗುವುದು ಎರಡು ವರ್ಷಕ್ಕೊಮ್ಮೆ. ಅರ್ಜಿಯ ನಮೂನೆಯನ್ನು ತರಿಸಿ, ಅವಳ ತಾಯಿಯ ಸಹಿ ಎಲ್ಲಿ ಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ ಇಟ್ಟಿದ್ದೇನೆ.